ಮೊದಲ ಟ್ರಯಥ್ಲಾನ್‌ಗೆ ತಯಾರಾಗುವುದು ಹೇಗೆ? ಹಾಸನ, ಚಿಕ್ಕಮಗಳೂರಿನವರಿಗೆ ಹಂತ ಹಂತವಾಗಿ

"ಅಣ್ಣಾ, ನನಗೆ ಈಜು ಅಷ್ಟಾಗಿ ಬರಲ್ಲ, ಟ್ರಯಥ್ಲಾನ್ ಮಾಡಬಹುದಾ?" ಬೆಳಿಗ್ಗೆ ಮೈದಾನದಲ್ಲಿ ಓಡುವಾಗ, ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸುವಾಗ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂಡ ಈ ಪ್ರಶ್ನೆ ಬಂದಿದೆ. ಅದರ ಬೆನ್ನಿಗೇ ಇನ್ನೊಂದು: "ನನ್ನ ಹತ್ತಿರ ಸಾದಾ ಗೇರ್ ಸೈಕಲ್ ಇದೆ, ಸಾಕಾ?" ಎರಡಕ್ಕೂ ನನ್ನ ಉತ್ತರ ಹೌದು. ಆದರೆ ಬರೀ ಹೌದು ಅಂದರೆ ಸಾಲದು, ಹೇಗೆ ಅಂತಲೂ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಕೋಚ್ ಅಲ್ಲ. ಚಿಕ್ಕಮಗಳೂರಿನಲ್ಲಿ ಕೆಲಸಕ್ಕೆ ಹೋಗಿಬಂದುಕೊಂಡು, ಬೆಳಗಿನ ಒಂದೂವರೆ ಗಂಟೆಯನ್ನು ಇದಕ್ಕಾಗಿ ಎತ್ತಿಟ್ಟುಕೊಂಡು, ಆರು ವರ್ಷದಿಂದ ಸಣ್ಣಪುಟ್ಟ ಟ್ರಯಥ್ಲಾನ್‌ಗಳಲ್ಲಿ ಭಾಗವಹಿಸುತ್ತಿರುವವನು. ಇಷ್ಟು ದಿನದಲ್ಲಿ ಒಂದು ವಿಷಯ ಖಚಿತವಾಗಿದೆ. ನಮ್ಮ ಕಡೆಯವರಿಗೆ ಕಾಲಿನ ಶಕ್ತಿಗೇನೂ ಕೊರತೆ ಇಲ್ಲ, ಏರು ಹತ್ತಿಕೊಂಡೇ ಬೆಳೆದವರು. ನಾವು ಸೋಲುವುದು ನೀರಿನಲ್ಲಿ, ಮತ್ತೆ ಒಂದು ಆಟ ಮುಗಿಸಿ ಇನ್ನೊಂದಕ್ಕೆ ಹೋಗುವ ಆ ಎರಡು ನಿಮಿಷಗಳಲ್ಲಿ. ಅದಕ್ಕೇ ಅವೆರಡರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ, ಓಟದ ಬಗ್ಗೆ ಕಡಿಮೆ.

1. ಮೊದಲು ದೂರ ಗೊತ್ತುಮಾಡಿಕೊಳ್ಳಿ

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ, ಮೂರನ್ನೂ ಇದೇ ಕ್ರಮದಲ್ಲಿ, ನಡುವೆ ಗಡಿಯಾರ ನಿಲ್ಲಿಸದೆ ಮಾಡುವುದು. ಬಟ್ಟೆ ಬದಲಿಸುವ, ಶೂ ಹಾಕುವ ಸಮಯವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಸಾಮಾನ್ಯವಾಗಿ ಇರುವ ದೂರಗಳು ಇವು:

- ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ
- ಒಲಿಂಪಿಕ್: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಸಲ ಸೇರಿದ್ದು ಈ ದೂರದಲ್ಲೇ
- ಹಾಫ್: 1.9 ಕಿ.ಮೀ., 90 ಕಿ.ಮೀ., 21.1 ಕಿ.ಮೀ. ಇದನ್ನೇ 70.3 ಅನ್ನುತ್ತಾರೆ, ಮೂರೂ ಸೇರಿ ಅಷ್ಟು ಮೈಲಿ
- ಫುಲ್: 3.8 ಕಿ.ಮೀ., 180 ಕಿ.ಮೀ., 42.2 ಕಿ.ಮೀ.

ಮೊದಲ ಸಲಕ್ಕೆ ಸ್ಪ್ರಿಂಟ್ ಸಾಕು. ಗೋವಾದಲ್ಲಿ 2019ರಿಂದ 70.3 ನಡೆಯಲು ಶುರುವಾದ ಮೇಲೆ ನೇರವಾಗಿ ಅದಕ್ಕೇ ಹೆಸರು ಕೊಡುವವರನ್ನು ನೋಡುತ್ತಿದ್ದೇನೆ. ದಯವಿಟ್ಟು ಬೇಡ. ಅದು ಸಮುದ್ರದ ಈಜು, ಕರಾವಳಿಯ ಸೆಖೆ. ನಮ್ಮ ತಣ್ಣನೆಯ ಗಾಳಿಯಲ್ಲಿ ತಯಾರಾದ ಮೈ ಆ ಸೆಖೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಇನ್ನು ಕೆಲವು ಊರುಗಳಲ್ಲಿ ಈಜನ್ನು ಈಜುಕೊಳದಲ್ಲೇ ಇಡುತ್ತಾರೆ, ದೂರವೂ ಇನ್ನೂ ಕಡಿಮೆ ಇರುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಹೆಸರು ಕೊಡುವ ಮೊದಲು ಕಟ್‌ಆಫ್ ಓದಿ. ಕಟ್‌ಆಫ್ ಅಂದರೆ ಇಷ್ಟು ಹೊತ್ತಿನೊಳಗೆ ಈ ಭಾಗ ಮುಗಿಸದಿದ್ದರೆ ಮುಂದೆ ಬಿಡುವುದಿಲ್ಲ ಅನ್ನುವ ಗಡುವು. ಈಜಿಗೇ ಬೇರೆ, ಒಟ್ಟಿಗೇ ಬೇರೆ ಇರುತ್ತದೆ. ನಿಮ್ಮ ಈಜಿನ ವೇಗ ಅದರೊಳಗೆ ಆರಾಮಾಗಿ ಬರುತ್ತದೆಯೇ ಅಂತ ಲೆಕ್ಕ ಹಾಕಿ, ಆಮೇಲೆ ದುಡ್ಡು ಕಟ್ಟಿ.

2. ಎದೆ ತೋರಿಸಿಕೊಂಡು ಬನ್ನಿ

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಎಲ್ಲರೂ ಇಸಿಜಿ ಮಾಡಿಸಲು ಓಡಿದರು. ಸುದ್ದಿ ತಣ್ಣಗಾದ ಮೇಲೆ ಮರೆತೂ ಬಿಟ್ಟರು. ನೀವು ಮರೆಯಬೇಡಿ. ವಯಸ್ಸು 35 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ, ಬಿಪಿ, ಸಕ್ಕರೆ ಇದ್ದರೆ, ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ತಯಾರಿ ಶುರು ಮಾಡುವ ಮೊದಲೇ ವೈದ್ಯರನ್ನು ನೋಡಿ. "ಮೂರು ತಿಂಗಳು ಜೋರಾಗಿ ಈಜಬೇಕು, ಸೈಕಲ್ ತುಳಿಯಬೇಕು, ಓಡಬೇಕು, ಆಗುತ್ತಾ?" ಅಂತ ನೇರವಾಗಿ ಕೇಳಿ. ತಯಾರಿಯ ನಡುವೆ ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ, ಎಡಗೈ ಅಥವಾ ದವಡೆ ನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ಅಲ್ಲೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ನೆಗಡಿ, ಜ್ವರ ಇದ್ದ ದಿನ ಅಭ್ಯಾಸ ಇಲ್ಲವೇ ಇಲ್ಲ.

3. ಸಾಮಾನು: ಎಷ್ಟು ಬೇಕೋ ಅಷ್ಟೇ

ಈಜಿಗೆ ಕನ್ನಡಕ, ಟೋಪಿ, ಮೈಗೆ ಅಂಟುವ ಈಜುಡುಪು. ಕನ್ನಡಕಕ್ಕೆ ಮಾತ್ರ ಜಿಪುಣತನ ಬೇಡ. ದಾರ ತಲೆಗೆ ಹಾಕದೆ ಬರೀ ಕಣ್ಣಿಗೆ ಒತ್ತಿ ಕೈ ಬಿಟ್ಟರೆ ಎರಡು ಸೆಕೆಂಡ್ ಅಲ್ಲೇ ಹಿಡಿದು ನಿಲ್ಲುವಂಥದ್ದು ನಿಮ್ಮ ಮುಖಕ್ಕೆ ಸರಿಹೋಗುತ್ತದೆ. ವೆಟ್‌ಸೂಟ್, ಅಂದರೆ ಚಳಿ ತಡೆಯುವ ರಬ್ಬರ್ ಉಡುಪು, ನಮ್ಮ ಕಡೆಯ ನೀರಿಗೆ ಬೇಕಾಗಲ್ಲ.

ಸೈಕಲ್ಲಿಗೆ ಬಂದರೆ, ನಿಮ್ಮ ಹತ್ತಿರ ಇರುವುದೇ ಸರಿ. ನನ್ನ ಮೊದಲ ಎರಡು ಸ್ಪರ್ಧೆ ಮುಗಿದದ್ದು ದಿನಾ ಕೆಲಸಕ್ಕೆ ಹೋಗುತ್ತಿದ್ದ ಹೈಬ್ರಿಡ್ ಸೈಕಲ್ಲಿನಲ್ಲೇ. ಬ್ರೇಕ್ ಸರಿ ಇರಬೇಕು, ಗೇರ್ ಬೀಳಬೇಕು, ಸೀಟಿನ ಎತ್ತರ ಸರಿ ಇರಬೇಕು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ಇಳಿದಾಗ ಮಂಡಿ ನೆಟ್ಟಗಾದರೆ ಎತ್ತರ ಹೆಚ್ಚುಕಡಿಮೆ ಸರಿ ಅಂತ. ತಗ್ಗಿನ ಸೀಟಿನಲ್ಲಿ ತುಳಿದು ಮಂಡಿ ನೋವು ತಂದುಕೊಂಡವರು ಬಹಳ ಜನ. ಹೆಲ್ಮೆಟ್ ಕಡ್ಡಾಯ, ಅದಿಲ್ಲದೆ ಸೈಕಲ್ ಮುಟ್ಟಲೂ ಬಿಡಲ್ಲ.

ಇದರ ಜೊತೆ ಒಂದು ಬದಲಿ ಟ್ಯೂಬು, ಟೈರ್ ಬಿಡಿಸುವ ಎರಡು ಪ್ಲಾಸ್ಟಿಕ್ ಕಡ್ಡಿ, ಸಣ್ಣ ಪಂಪು. ಟ್ಯೂಬ್ ಬದಲಿಸುವುದನ್ನು ಮನೆಯಲ್ಲಿ ಐದಾರು ಸಲ ಮಾಡಿ ನೋಡಿ. ಹಿಂದಿನ ಚಕ್ರವನ್ನೇ ಬಿಚ್ಚಿ ಅಭ್ಯಾಸ ಮಾಡಿ, ಚೈನ್ ಇರುವುದರಿಂದ ಕಷ್ಟ ಅದರದ್ದೇ.

ಓಡುವ ಶೂ ಒಂದು ಜೊತೆ, ಈಗಾಗಲೇ ಕಾಲಿಗೆ ಹೊಂದಿಕೊಂಡದ್ದು. ಲೇಸಿನ ಬದಲು ಎಲಾಸ್ಟಿಕ್ ದಾರ ಹಾಕಿಸಿಕೊಂಡರೆ ಕಟ್ಟುವ ಕೆಲಸವೇ ಇರುವುದಿಲ್ಲ. ಕಡಿಮೆ ಬೆಲೆಗೆ ಇಷ್ಟು ಸಮಯ ಉಳಿಸುವ ವಸ್ತು ಬೇರೆ ಇಲ್ಲ.

4. ನೀರು

ಇಲ್ಲಿ ಆತುರ ಬೇಡ. ಈಜು ಪೂರ್ತಿ ಬಾರದವರು ಮೂರು ತಿಂಗಳ ಲೆಕ್ಕ ಬಿಟ್ಟು ಆರು ತಿಂಗಳು ಇಟ್ಟುಕೊಳ್ಳಿ, ಮತ್ತು ಕಲಿಸುವವರ ಕೈಕೆಳಗೇ ಕಲಿಯಿರಿ. ಹೊಳೆಯಲ್ಲಿ, ಬಾವಿಯಲ್ಲಿ ಬಿದ್ದು ಕಲಿತ ಈಜಿರುವವರು ಕೂಡ ಒಂದು ತಿಂಗಳು ಕೊಳದಲ್ಲಿ ತಿದ್ದಿಸಿಕೊಳ್ಳಿ. ಬಾವಿ ಈಜಿನಲ್ಲಿ ತಲೆ ಮೇಲೆತ್ತಿ ಕೈ ಬಡಿದು ಇಪ್ಪತ್ತು ಮೀಟರ್ ಹೋಗಬಹುದು. 750 ಮೀಟರ್ ಆಗಲ್ಲ.

ಎಲ್ಲರೂ ಮಾಡುವ ತಪ್ಪು ಒಂದೇ. ಮುಖ ನೀರೊಳಗೆ ಹೋದ ತಕ್ಷಣ ಉಸಿರು ಹಿಡಿಯುವುದು. ಆಮೇಲೆ ಮುಖ ಹೊರಗೆ ಬಂದಾಗ ಬಿಡುವುದು, ಎಳೆಯುವುದು ಎರಡನ್ನೂ ಅರ್ಧ ಸೆಕೆಂಡಿನಲ್ಲಿ ಮಾಡಲು ಹೋಗಿ ಏದುಸಿರು ಬರುತ್ತದೆ. "ನನಗೆ ಸ್ಟ್ಯಾಮಿನಾ ಇಲ್ಲ" ಅನ್ನುತ್ತಾರೆ. ಸ್ಟ್ಯಾಮಿನಾ ಇದೆ, ಉಸಿರು ಹೊರಗೆ ಹೋಗಿಲ್ಲ ಅಷ್ಟೇ. ಕೊಳದ ಅಂಚು ಹಿಡಿದು ನಿಂತು, ಮುಖ ಮುಳುಗಿಸಿ, ಮೂಗು ಬಾಯಿಂದ ನಿಧಾನವಾಗಿ ಗುಳ್ಳೆ ಬಿಡಿ. ಗುಳ್ಳೆ ಮುಗಿಯುವಾಗ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರು ಎಳೆಯಿರಿ. ಐವತ್ತು ಸಲ. ಮೊದಲ ವಾರ ದಿನಾ ಇದನ್ನೇ ಮಾಡಿ. ಬೇಜಾರಾದರೂ ಮಾಡಿ. ಎರಡನೇ ವಾರದಲ್ಲಿ ಒಂದು ಉದ್ದ ಈಜಿದಾಗ ಎದೆ ಬಡಿತ ಇಳಿದಿರುವುದು ನಿಮಗೇ ಗೊತ್ತಾಗುತ್ತದೆ.

25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಉದ್ದ. ಮೊದಲು ಒಂದೊಂದು ಉದ್ದ ಈಜಿ ಅಂಚಿನಲ್ಲಿ ನಿಂತು ಸುಧಾರಿಸಿಕೊಳ್ಳಿ. ಆಮೇಲೆ ಎರಡೆರಡು, ನಾಲ್ಕು ನಾಲ್ಕು. ನಿಲ್ಲದೆ 30 ಉದ್ದ ಬಂದ ಮೇಲೆ 40ರ ತನಕ ಹೋಗಿ. ಸ್ಪರ್ಧೆಯ ನೀರಿನಲ್ಲಿ ಹಿಡಿದು ನಿಲ್ಲಲು ಅಂಚು ಇರುವುದಿಲ್ಲ, ಗೋಡೆಗೆ ಕಾಲು ಒತ್ತಿ ಚಿಮ್ಮುವುದೂ ಇಲ್ಲ. ಅದಕ್ಕೆ ಆ ಹತ್ತು ಉದ್ದ ಹೆಚ್ಚಿಗೆ ಬೇಕು.

ಫ್ರೀಸ್ಟೈಲೇ ಆಗಬೇಕು ಅಂತ ನಿಯಮ ಇಲ್ಲ. ಯಾವ ಶೈಲಿಯಲ್ಲಾದರೂ ಈಜಬಹುದು. ಸುಸ್ತಾದರೆ ಬೆನ್ನ ಮೇಲೆ ಮಲಗಿ ತೇಲಬಹುದು, ಸುರಕ್ಷತಾ ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು, ಅದು ನಿಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ. ನಿಜವಾಗಲೂ ತೊಂದರೆ ಆದರೆ ಒಂದು ಕೈ ಮೇಲೆತ್ತಿ. ಆದ್ದರಿಂದ ಬೆನ್ನ ಮೇಲೆ ಐದು ನಿಮಿಷ ನಿಶ್ಚಿಂತೆಯಿಂದ ತೇಲುವುದನ್ನು ಕಲಿತಿರಿ. ಅದು ನಿಮ್ಮ ಜೀವ ಕಾಯುವ ವಿದ್ಯೆ.

ಸೈಟಿಂಗ್ ಅಂತ ಇನ್ನೊಂದಿದೆ. ಕೆರೆಯ ನೀರಿನಲ್ಲಿ ಕೆಳಗೆ ಕಪ್ಪು ಗೆರೆ ಇರುವುದಿಲ್ಲ, ಕಣ್ಣಿಗೆ ಕಾಣುವುದು ಬರೀ ಹಸಿರು ಮಬ್ಬು. ಆರೆಂಟು ಕೈ ಬೀಸಿಗೊಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು, ಮುಂದೆ ತೇಲುತ್ತಿರುವ ಬಣ್ಣದ ಗುರುತು ಎಲ್ಲಿದೆ ಅಂತ ನೋಡಿಕೊಳ್ಳುವುದೇ ಸೈಟಿಂಗ್. ಕೊಳದಲ್ಲಿ ಅಂಚಿನ ಮೇಲೆ ಒಂದು ಕೆಂಪು ಬಕೆಟ್ ಇಟ್ಟು ಅಭ್ಯಾಸ ಮಾಡಬಹುದು.

ಇನ್ನು ಬಹಳ ಮುಖ್ಯವಾದ ಮಾತು. ಗೊರೂರಿನ ಹಿನ್ನೀರು, ಬೇಲೂರಿನ ಯಗಚಿ, ಹಿರೇಕೊಳಲೆ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ, ಎಲ್ಲವೂ ನೋಡಿದರೆ ಇಳಿಯೋಣ ಅನ್ನಿಸುತ್ತವೆ. ಇಳಿಯಬೇಡಿ. ಶೆಟ್ಟಿಹಳ್ಳಿಯ ಚರ್ಚ್ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವುದನ್ನು ನೀವೂ ನೋಡಿದ್ದೀರಿ. ಅಂದರೆ ಆ ಹಿನ್ನೀರಿನ ಅಡಿಯಲ್ಲಿ ಒಂದು ಕಾಲಕ್ಕೆ ಜನ ಓಡಾಡುತ್ತಿದ್ದ ನೆಲ, ಗೋಡೆ, ಮರದ ಬೊಡ್ಡೆ ಎಲ್ಲ ಇದೆ. ಮೇಲಿಂದ ಏನೂ ಕಾಣಲ್ಲ. ಕೆರೆಗಳಲ್ಲಿ ಹೂಳು ಮೊಣಕಾಲಿನ ತನಕ ಹಿಡಿಯುತ್ತದೆ, ಮೀನಿನ ಬಲೆ ಇರುತ್ತದೆ, ಜೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ. ಎಂಥ ಈಜುಗಾರನೂ ಅಲ್ಲಿ ಒಬ್ಬನೇ ಸಿಕ್ಕಿಕೊಂಡರೆ ಕಷ್ಟ. ತೆರೆದ ನೀರಿನ ಅಭ್ಯಾಸ ಬೇಕೆಂದರೆ ಅನುಮತಿ ಪಡೆದು, ದೋಣಿ, ಲೈಫ್ ಜಾಕೆಟ್, ದಡದಲ್ಲಿ ಕಾಯುವ ಜನ ಇಟ್ಟುಕೊಂಡು ನಡೆಸುವವರ ಜೊತೆ ಮಾತ್ರ ಮಾಡಿ, ಸೊಂಟಕ್ಕೆ ಬಣ್ಣದ ತೇಲುಚೀಲ ಕಟ್ಟಿಕೊಂಡು. ಅದು ಸಿಗದಿದ್ದರೆ ಕೊಳದಲ್ಲಿ ನಡೆಯುವ ಸ್ಪರ್ಧೆಯನ್ನೇ ಆರಿಸಿಕೊಳ್ಳಿ.

5. ಸೈಕಲ್: ನಮ್ಮ ರಸ್ತೆ, ನಮ್ಮ ಲಾಭ

ಇದರಲ್ಲಿ ನಾವು ಪುಣ್ಯವಂತರು. ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿ.ಮೀ., ಹೋಗಿ ಬಂದರೆ 50. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16. ಹಾಸನದವರಿಗೆ ಹಳೇಬೀಡಿನ ದಾರಿ ಇದ್ದೇ ಇದೆ. ಎಲ್ಲವೂ ಸಣ್ಣ ಏರು, ಸಣ್ಣ ಇಳಿಜಾರು, ಮತ್ತೆ ಏರು. ಟ್ರಯಥ್ಲಾನ್‌ಗೆ ಇಂಥ ರಸ್ತೆಯೇ ಒಳ್ಳೆಯದು. ಬೆಂಗಳೂರು–ಮಂಗಳೂರು ಹೆದ್ದಾರಿ ಮಾತ್ರ ಬೇಡ. ಟ್ಯಾಂಕರು, ಲಾರಿ, ರಾತ್ರಿಯಿಡೀ ಓಡಿಸಿ ನಿದ್ದೆಗಣ್ಣಿನಲ್ಲಿರುವ ಚಾಲಕರು, ಆ ಹೊತ್ತಿನಲ್ಲಿ ಸೈಕಲ್ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಮುಳ್ಳಯ್ಯನಗಿರಿ ಏರಬೇಕೇ ಅಂತ ಕೇಳುತ್ತಾರೆ. ಗಿರಿಯ ಎತ್ತರ 1,930 ಮೀಟರ್, ಊರಿಂದ ಸುಮಾರು 800 ಮೀಟರ್ ಏರು. ಸ್ಪ್ರಿಂಟ್‌ಗೆ ತಯಾರಾಗುವವರಿಗೆ ಅದು ಅಗತ್ಯವೇ ಇಲ್ಲ. ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಮುಕ್ಕಾಲು ಗಂಟೆ ತುಳಿಯುವುದು ಗಿರಿ ಹತ್ತುವುದಕ್ಕಿಂತ ಬೇರೆ ವಿದ್ಯೆ, ನಮಗೆ ಕಡಿಮೆ ಇರುವುದೂ ಅದೇ. ಏರಿನಲ್ಲಿ ಬೆವರು ಸುರಿಸಿ ಇಳಿಜಾರಿನಲ್ಲಿ ಕಾಲು ಬಿಟ್ಟು ಕೂತರೆ ಅರ್ಧ ಹೊತ್ತು ಸುಮ್ಮನೆ ಕೂತ ಹಾಗೆ. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ಬರುವ ಹಾಗೆ ಗೇರ್ ಹಗುರ ಮಾಡಿಕೊಳ್ಳಿ. ಇದನ್ನು ಕೇಡೆನ್ಸ್ ಅನ್ನುತ್ತಾರೆ. ಒಂದು ಕಾಲು ಹದಿನೈದು ಸೆಕೆಂಡಿನಲ್ಲಿ ಎಷ್ಟು ಸಲ ಕೆಳಗೆ ಹೋಯಿತು ಅಂತ ಎಣಿಸಿ ನಾಲ್ಕರಿಂದ ಗುಣಿಸಿ, ಮೀಟರ್ ಕೊಳ್ಳಬೇಕಾಗಿಲ್ಲ. ಭಾರದ ಗೇರಿನಲ್ಲಿ ತುಳಿದರೆ ಓಟಕ್ಕೆ ತೊಡೆ ಉಳಿಯುವುದಿಲ್ಲ.

ಆದರೂ ಗಿರಿಗೆ ಹೋಗುವವರಿದ್ದೀರಿ, ನನಗೆ ಗೊತ್ತು. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದುಕೊಂಡೇ ಬರಬೇಡಿ, ರಿಮ್ ಕಾಯುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಒತ್ತಿ, ಬಿಡಿ, ಮತ್ತೆ ಒತ್ತಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಹಾಕಬೇಡಿ. ಶನಿವಾರ, ಭಾನುವಾರ ಪ್ರವಾಸಿಗಳ ಗಾಡಿ ಸಾಲು ಇರುವಾಗ ಹೋಗಲೇಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ರಸ್ತೆಯ ಕಥೆಯೇ ಬೇರೆ. ತೋಟದ ಪಕ್ಕದಲ್ಲಿ ಡಾಂಬರಿನ ಮೇಲೆ ಪಾಚಿ ಕಟ್ಟುತ್ತದೆ, ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಅದರ ಮೇಲೆ ಚಕ್ರ ಹೋದಾಗ ಹ್ಯಾಂಡಲ್ ತಿರುಗಿಸಿದರೆ ಬಿದ್ದ ಹಾಗೆಯೇ. ಟೈರಿನ ಗಾಳಿ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ (ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡೂ ಬರೆದಿರುತ್ತದೆ), ಹಿಂದೆ ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಲಿ. ಮನೆಗೆ ಬಂದ ಮೇಲೆ ಕೆಮ್ಮಣ್ಣು ತೊಳೆದು, ಚೈನ್ ಒರೆಸಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚೈನಿನ ಎಣ್ಣೆಯೇ ಆಗಬೇಕು.

ಡ್ರಾಫ್ಟಿಂಗ್ ಅಂದರೆ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡು ತುಳಿಯುವುದು. ನಮ್ಮಂಥ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಅವಕಾಶ ಇಲ್ಲ, ದಂಡವಾಗಿ ಸಮಯ ಸೇರಿಸುತ್ತಾರೆ. ಗೆಳೆಯರ ಗುಂಪಿನಲ್ಲೇ ಅಭ್ಯಾಸ ಮಾಡಿದವರಿಗೆ ಇದು ಅಭ್ಯಾಸವಾಗಿಬಿಟ್ಟಿರುತ್ತದೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಒಬ್ಬರೇ ತುಳಿಯಿರಿ.

6. ಓಟ, ಮತ್ತೆ ಬ್ರಿಕ್

ಓಟದ ಬಗ್ಗೆ ಹೇಳುವುದು ಸ್ವಲ್ಪವೇ. 5 ಕಿ.ಮೀ. ನಿಲ್ಲದೆ ಓಡುವಷ್ಟು ಆಗಬೇಕು. ಪಕ್ಕದವರ ಜೊತೆ ಮಾತಾಡಿಕೊಂಡು ಓಡಲು ಆಗುವ ವೇಗವೇ ವಾರದ ಬಹುಪಾಲು ಓಟಕ್ಕೆ ಸರಿ. ದೂರವನ್ನು ಒಮ್ಮೆಲೇ ಏರಿಸಬೇಡಿ, ಮೊಣಕಾಲ ಕೆಳಗಿನ ಮುಂಗಾಲೆಲುಬು ನೋಯಲು ಶುರುವಾಗುತ್ತದೆ. ಆದಷ್ಟು ಮಣ್ಣಿನ ಮೈದಾನದಲ್ಲಿ ಓಡಿ.

ಬ್ರಿಕ್ ಅಂದರೆ ಸೈಕಲ್ ತುಳಿದು ಇಳಿದ ತಕ್ಷಣ ಓಡುವ ಅಭ್ಯಾಸ. ಮೊದಲ ಸಲ ಮಾಡಿದಾಗ ಕಾಲು ನಿಮ್ಮದೇ ಅಲ್ಲ ಅನ್ನಿಸುತ್ತದೆ. ತೊಡೆ ಮರದ ದಿಮ್ಮಿಯಂತಾಗಿ, ಹೆಜ್ಜೆ ಎಲ್ಲೆಲ್ಲೋ ಬೀಳುತ್ತದೆ. ಹೆದರಬೇಡಿ, ಎಲ್ಲರಿಗೂ ಹಾಗೇ. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಆ ಹತ್ತು ನಿಮಿಷ ಹೆಜ್ಜೆ ಚಿಕ್ಕದಾಗಿಟ್ಟು, ಬೇಗ ಬೇಗ ಹಾಕಿ. ವಾರಕ್ಕೊಂದು ಬ್ರಿಕ್ ಮಾಡಿ. 15 ಕಿ.ಮೀ. ಸೈಕಲ್, ಮನೆ ಗೇಟಿಗೆ ಒರಗಿಸಿ, ಹಾಗೇ 2 ಕಿ.ಮೀ. ಓಟ. ಇದೊಂದನ್ನು ಬಿಟ್ಟವರು ಸ್ಪರ್ಧೆಯ ದಿನ ಓಟದಲ್ಲಿ ನಡೆಯುತ್ತಿರುತ್ತಾರೆ.

7. ಹನ್ನೆರಡು ವಾರದ ಲೆಕ್ಕ

25 ಮೀಟರ್ ಈಜಲು ಬರುವ, ಅರ್ಧ ಗಂಟೆ ಬಿರುಸಾಗಿ ನಡೆಯಲು ಆಗುವವರಿಗೆ ಇದು.

ಮೊದಲ ನಾಲ್ಕು ವಾರ: ಈಜು ಮೂರು ದಿನ, ಸೈಕಲ್ ಎರಡು ದಿನ, ಓಟ ಎರಡು ದಿನ. ಒಂದೊಂದೂ ಅರ್ಧದಿಂದ ಮುಕ್ಕಾಲು ಗಂಟೆ. ಒಂದು ದಿನ ಪೂರ್ತಿ ರಜೆ ಇರಲೇಬೇಕು, ಹಾಗಾಗಿ ಒಂದು ದಿನ ಬೆಳಿಗ್ಗೆ ಈಜು, ಸಂಜೆ ಓಟ ಬರುತ್ತದೆ.

ಐದರಿಂದ ಎಂಟನೇ ವಾರ: ಭಾನುವಾರದ ಸೈಕಲ್ಲನ್ನು 25 ಕಿ.ಮೀ. ದಾಟಿಸಿ. ಬ್ರಿಕ್ ಶುರು ಮಾಡಿ. ಎಂಟನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಮೈ ಕಟ್ಟಿಕೊಳ್ಳುವುದು ವಿಶ್ರಾಂತಿಯಲ್ಲೇ.

ಒಂಬತ್ತರಿಂದ ಹನ್ನೊಂದು: ಈಜು ನಿಲ್ಲದೆ 750 ಮೀಟರ್. ಹತ್ತನೇ ವಾರದಲ್ಲಿ ಒಂದು ದಿನ ಮೂರನ್ನೂ ಮುಕ್ಕಾಲು ಪಾಲು ದೂರಕ್ಕೆ ಸಾಲಾಗಿ ಮಾಡಿ ನೋಡಿ.

ಹನ್ನೆರಡನೇ ವಾರ ಟೇಪರ್, ಅಂದರೆ ಸ್ಪರ್ಧೆಗೆ ಮೊದಲು ಅಭ್ಯಾಸ ಇಳಿಸುವುದು. ಇಲ್ಲಿ ಮನಸ್ಸು ಕೇಳುವುದಿಲ್ಲ, "ಇನ್ನೂ ಸ್ವಲ್ಪ ಓಡೋಣ" ಅನ್ನಿಸುತ್ತದೆ. ಕೊನೆಯ ವಾರ ಮಾಡಿದ ಅಭ್ಯಾಸದಿಂದ ಶಕ್ತಿ ಬರುವುದಿಲ್ಲ, ಸುಸ್ತು ಮಾತ್ರ ಬರುತ್ತದೆ. ನಿದ್ದೆ ಮಾಡಿ.

ತೋಟ ಇರುವವರಿಗೆ ಒಂದು ಮಾತು. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು. ದಿನವಿಡೀ ತೋಟದಲ್ಲಿ ನಿಂತು ಸಂಜೆ ಅಭ್ಯಾಸ ಮಾಡುವುದು ಆಗದ ಕೆಲಸ. ಆ ತಿಂಗಳುಗಳ ಸ್ಪರ್ಧೆ ಬಿಟ್ಟು ಬೇರೆಯದಕ್ಕೆ ಲೆಕ್ಕ ಹಾಕಿ.

8. ಟ್ರಾನ್ಸಿಷನ್: ಮನೆ ಅಂಗಳದಲ್ಲೇ ಕಲಿಯಿರಿ

ಈಜಿನಿಂದ ಸೈಕಲ್ಲಿಗೆ ಬರುವುದು ಟಿ1, ಸೈಕಲ್ಲಿನಿಂದ ಓಟಕ್ಕೆ ಹೋಗುವುದು ಟಿ2. ಸೈಕಲ್‌ಗಳನ್ನು ಸಾಲಾಗಿ ನೇತುಹಾಕಿರುವ ಆ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಅಲ್ಲಿಯ ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ:

- ಹೆಲ್ಮೆಟ್ ಹಾಕಿ ಕೊಂಡಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ವಾಪಸ್ ಬಂದಾಗ ಸೈಕಲ್ ನೇತುಹಾಕಿದ ಮೇಲೆಯೇ ಕೊಂಡಿ ಬಿಚ್ಚಬೇಕು.
- ಒಳಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಗೆರೆ ದಾಟಿದ ಮೇಲೆ ಹತ್ತುವುದು, ಬರುವಾಗ ಗೆರೆಗೆ ಮೊದಲೇ ಇಳಿಯುವುದು.
- ನಂಬರ್ ಚೀಟಿ ಸೈಕಲ್ ಮೇಲೆ ಬೆನ್ನಿಗೆ, ಓಟದಲ್ಲಿ ಎದೆಗೆ ಕಾಣಬೇಕು. ಸೊಂಟಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಟಿ ಅದರಲ್ಲಿ ಸಿಕ್ಕಿಸಿದರೆ ತಿರುಗಿಸಿದರೆ ಆಯಿತು.
- ಇಯರ್‌ಫೋನ್ ಇಲ್ಲ.

ನನ್ನ ಮೊದಲ ಸ್ಪರ್ಧೆಯಲ್ಲಿ ನೀರಿನಿಂದ ಎದ್ದು ಬಂದು ಹೆಲ್ಮೆಟ್ ಹಾಕಿದೆ. ಬೆರಳುಗಳೆಲ್ಲ ನೆನೆದು ಸುಕ್ಕಾಗಿ, ಚಳಿಗೆ ನಡುಗುತ್ತಿದ್ದವು. ಗಲ್ಲದ ಕೆಳಗಿನ ಆ ಪುಟ್ಟ ಪ್ಲಾಸ್ಟಿಕ್ ಕೊಂಡಿಯ ಎರಡು ತುದಿ ಒಂದಕ್ಕೊಂದು ಸೇರಲೇ ಇಲ್ಲ. ಮೂರು ಸಲ ಜಾರಿತು. ಟಿಕ್ ಅನ್ನುವ ಆ ಸದ್ದು ಕೇಳಲು ಪೂರ್ತಿ ಒಂದು ನಿಮಿಷ ಹಿಡಿಯಿತು. ಅವತ್ತಿನಿಂದ ನಾನು ಮನೆಯಲ್ಲಿ ಒಂದು ಬಕೆಟ್ ತಣ್ಣೀರು ಇಟ್ಟುಕೊಂಡು, ಕೈ ಐದು ನಿಮಿಷ ಅದ್ದಿಟ್ಟು, ಕನ್ನಡಿ ನೋಡದೆ ಕೊಂಡಿ ಹಾಕುವ ಅಭ್ಯಾಸ ಮಾಡುತ್ತೇನೆ. ನೀವೂ ಮಾಡಿ.

ಅಂಗಳದಲ್ಲಿ ಒಂದು ಟವೆಲ್ ಹಾಸಿ. ಹಿಂದೆ ಓಟದ ಶೂ, ಬಾಯಿ ಅಗಲಿಸಿ, ಒಳಗೆ ಸ್ವಲ್ಪ ಪೌಡರ್ ಉದುರಿಸಿ. ಹೆಲ್ಮೆಟ್ ಸೈಕಲ್ ಹ್ಯಾಂಡಲ್ ಮೇಲೆ ಮಗುಚಿ, ಪಟ್ಟಿಗಳು ಎರಡೂ ಕಡೆ ಹೊರಗೆ ಬಿದ್ದಿರಲಿ. ತಂಪು ಕನ್ನಡಕ ಅದರೊಳಗೆ. ನಂಬರ್ ಪಟ್ಟಿ ಶೂ ಮೇಲೆ. ಆಮೇಲೆ ಮೈ ಮೇಲೆ ಎರಡು ಚೆಂಬು ನೀರು ಸುರಿದುಕೊಂಡು ಓಡಿ ಬಂದು, ಕ್ರಮವಾಗಿ ಮಾಡಿ: ಹೆಲ್ಮೆಟ್, ಕೊಂಡಿ, ಶೂ, ಸೈಕಲ್. ಪಕ್ಕದ ಮನೆಯವರು ನೋಡಿದರೆ ನೋಡಲಿ. ಮಕ್ಕಳಿಗೆ ಗಡಿಯಾರ ಕೊಡಿ, ಖುಷಿಯಿಂದ ಎಣಿಸುತ್ತಾರೆ. ಹತ್ತು ಸಲ ಮಾಡಿದರೆ ನಾಲ್ಕು ನಿಮಿಷದ ಕೆಲಸ ಒಂದೂವರೆ ನಿಮಿಷಕ್ಕೆ ಬರುತ್ತದೆ. ಓಟದಲ್ಲಿ ಅಷ್ಟು ಸಮಯ ಉಳಿಸಲು ತಿಂಗಳುಗಟ್ಟಲೆ ಓಡಬೇಕಾಗುತ್ತದೆ.

9. ಹೊಟ್ಟೆ

ಸ್ಪರ್ಧೆಯ ಹಿಂದಿನ ರಾತ್ರಿ ಮನೆಯಲ್ಲಿ ದಿನಾ ಉಣ್ಣುವುದನ್ನೇ ಉಣ್ಣಿ. ಅನ್ನ ಸಾರು ಸಾಕು. ಬೇರೆ ಊರಿಗೆ ಹೋಗಿ ಹೋಟೆಲಿನಲ್ಲಿ ಮಸಾಲೆ ಊಟ ಮಾಡಿ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡವರನ್ನು ನೋಡಿದ್ದೇನೆ. ಬೆಳಿಗ್ಗೆ ಎರಡು ಮೂರು ಗಂಟೆ ಮೊದಲೇ ಇಡ್ಲಿ ಅಥವಾ ಕಡುಬು, ಚಟ್ನಿ ಕಡಿಮೆ, ಒಂದು ಬಾಳೆಹಣ್ಣು. ಕಾಫಿ ದಿನಾ ಕುಡಿಯುವವರು ಕುಡಿಯಿರಿ, ಬಿಡುವುದು ಬೇಡ.

ಸ್ಪ್ರಿಂಟ್ ಮುಗಿಸಲು ಹೊಸಬರಿಗೆ ಒಂದೂವರೆಯಿಂದ ಎರಡು ಗಂಟೆ ಬೇಕಾಗಬಹುದು. ಅದಕ್ಕೆ ಸೈಕಲ್ ಮೇಲೆ ನೀರು, ಒಂದು ಕಡಲೆ ಮಿಠಾಯಿ ಅಥವಾ ಅರ್ಧ ಬಾಳೆಹಣ್ಣು ಸಾಕು. ಇನ್ನೂ ಉದ್ದದ ಸ್ಪರ್ಧೆಗಳಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕಾಗುತ್ತದೆ, ಅದನ್ನು ಮೊದಲೇ ಅಭ್ಯಾಸದಲ್ಲಿ ತಿಂದು ಹೊಟ್ಟೆಗೆ ಒಗ್ಗಿಸಬೇಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ತಿರುಗುತ್ತದೆ. ಓಆರ್‌ಎಸ್ ಪೊಟ್ಟಣ ಒಂದು ಬಾಟಲಿಯಲ್ಲಿರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

10. ಆ ದಿನ

ಒಂದೂವರೆ ಗಂಟೆ ಮೊದಲೇ ಹೋಗಿ. ಸೈಕಲ್ ನೇತುಹಾಕಿ, ಸುಲಭದ ಗೇರಿನಲ್ಲಿ ಬಿಡಿ. ನಿಮ್ಮ ಸಾಲು ಎಲ್ಲಿದೆ ಅಂತ ನೀರಿನ ಕಡೆಯಿಂದ ಒಂದು ಸಲ, ಗೇಟಿನ ಕಡೆಯಿಂದ ಒಂದು ಸಲ ನಡೆದು ನೋಡಿ. ಮರ, ಕಂಬ, ಬ್ಯಾನರ್, ಏನಾದರೂ ಗುರುತು ಇಟ್ಟುಕೊಳ್ಳಿ. ಎಲ್ಲ ಸೈಕಲ್‌ಗಳೂ ಆಮೇಲೆ ಒಂದೇ ಥರ ಕಾಣುತ್ತವೆ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಇಲ್ಲದಿದ್ದರೆ ಉಜ್ಜಿ ಗಾಯವಾಗಿ ಸ್ನಾನ ಮಾಡುವಾಗ ಉರಿಯುತ್ತದೆ. ವ್ಯಾಸಲೀನ್ ಕೈಯಲ್ಲಿ ಈಜು ಕನ್ನಡಕ ಮುಟ್ಟಬೇಡಿ, ಮಸುಕಾದರೆ ಮತ್ತೆ ಸರಿಯಾಗಲ್ಲ.

ನೀರಿಗೆ ಇಳಿಯುವಾಗ ಹಿಂದೆ ಮತ್ತು ಪಕ್ಕದಲ್ಲಿ ನಿಲ್ಲಿ. ಮುಂದೆ ನಿಂತರೆ ಒದೆ ಬೀಳುತ್ತದೆ. ಎಲ್ಲರೂ ಹೋದ ಮೇಲೆ ಹತ್ತು ಎಣಿಸಿ ಹೊರಡಿ. ಮೊದಲ ನೂರು ಮೀಟರ್‌ನಲ್ಲಿ ಎದೆ ಬಿಗಿದು ಗಾಬರಿಯಾಗುವುದು ಅನುಭವಿಗಳಿಗೂ ಇದ್ದದ್ದೇ. ಬೆನ್ನ ಮೇಲೆ ಹೊರಳಿ, ಆಕಾಶ ನೋಡಿ, ಮೂರು ನಾಲ್ಕು ಉಸಿರು ಬಿಟ್ಟು ಮತ್ತೆ ಹೊರಳಿ. ಉಸಿರು ಹತೋಟಿಗೆ ಬರದಿದ್ದರೆ, ಎದೆ ನೋವು ಅನ್ನಿಸಿದರೆ ಕೈ ಎತ್ತಿ ದೋಣಿ ಕರೆಯಿರಿ. ಅವತ್ತು ನೀರಿನಿಂದ ಎದ್ದು ಬಂದರೆ ಮುಂದಿನ ಸಲ ಮತ್ತೆ ಇಳಿಯಬಹುದು.

ಈಜು ಮುಗಿದ ಸಂಭ್ರಮದಲ್ಲಿ ಸೈಕಲ್ಲಿನ ಮೊದಲ ಐದು ಕಿಲೋಮೀಟರ್ ಜೋರಾಗಿ ತುಳಿಯಬೇಡಿ. ಕೊನೆಯ ಒಂದು ಕಿಲೋಮೀಟರ್ ಗೇರ್ ಹಗುರ ಮಾಡಿ ಕಾಲು ಬಿಡಿಸಿಕೊಳ್ಳಿ. ಓಟವನ್ನು ನಿಧಾನಕ್ಕೆ ಶುರು ಮಾಡಿ, ನೀರು ಕೊಡುವ ಕಡೆ ನಡೆದುಕೊಂಡೇ ಕುಡಿಯಿರಿ.

ಮುಗಿಸಿದ ತಕ್ಷಣ ಕೂರಬೇಡಿ, ರಕ್ತ ಕಾಲಿಗೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹತ್ತು ನಿಮಿಷ ಅಡ್ಡಾಡಿ, ಒದ್ದೆ ಬಟ್ಟೆ ಬದಲಿಸಿ, ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ, ಮೊಟ್ಟೆಯೋ ಮೊಸರನ್ನವೋ. ಊರಿಗೆ ವಾಪಸ್ ಗಾಡಿ ನೀವೇ ಓಡಿಸಬೇಡಿ, ಜೊತೆಗೆ ಬಂದವರಿಗೆ ಕೀ ಕೊಡಿ. ಹೆಲ್ಮೆಟ್ ಚೀಲದಲ್ಲಿ ಒದ್ದೆಯಾಗಿಯೇ ಬಿಡಬೇಡಿ, ನಮ್ಮ ಮಲೆನಾಡಿನ ಥಂಡಿಗೆ ಎರಡೇ ದಿನದಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ.